ಬೇವಿನ ಬುಡದ ಹವೆ

ಚನ್ನವೀರಣ್ಣನ ಅಂಗಡಿಯಲ್ಲಿ ನನ್ನದು ಹವೆಪೆಟ್ಟಿಗೆ ಕೂರಿಸುವ ಕೆಲಸ. ನಮ್ಮ ಊರಿನಲ್ಲಿ ಈ ಕೆಲಸಕ್ಕೆ ಎಂದೂ ಬರವಿಲ್ಲ. ಯಾರಾದರೂ ಊರು ಬಿಟ್ಟು ಹೋದರೆ, ಅವರಿರುವ ಕಡೆಯ ಹವೆ ಇಲ್ಲಿ ಎಲ್ಲಾದರೂ ಒಂದು ಕಡೆ ಬೀಳತೊಡಗುತ್ತದೆ. ದೊಡ್ಡ ಜಾಗವೇನಲ್ಲ, ಒಂದು ಚಾಪೆ ಹಾಸುವಷ್ಟು. ಅಲ್ಲಿ ಮಳೆಯಾದರೆ ಇಲ್ಲಿ ಚಾಪೆಯಷ್ಟಗಲ ಮಳೆ, ಅಲ್ಲಿ ಧಗೆಯಾದರೆ ಇಲ್ಲಿ ಚಾಪೆಯಷ್ಟಗಲ ಧಗೆ. ಕಾವು ಬರುತ್ತದೆ, ಬೆಳಕು ಬರುವುದಿಲ್ಲ. ಗಾಳಿ ಬರುತ್ತದೆ, ಗಾಳಿಯೊಳಗಿನ ವಾಸನೆಯಾಗಲಿ ಸಪ್ಪಳವಾಗಲಿ ಬರುವುದಿಲ್ಲ. ಹನಿ ಎಲ್ಲಿಂದ ಉದುರುತ್ತದೆಂದು ಕತ್ತೆತ್ತಿ ನೋಡಿದವರ ಕಣ್ಣೊಳಗೆ ನೀರು ಬಿದ್ದಿದೆಯೇ ಹೊರತು ಮತ್ತೇನೂ ಕಂಡಿಲ್ಲ.

ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಸಂಕವ್ವನ ಮೈದುನ ಉಸುಕಿನ ದೇಶದಲ್ಲಿ ದುಡಿಯುತ್ತಾನೆ. ಅವನ ಹವೆ ಅವರ ಪಡಸಾಲೆಯ ಮೂಲೆಯಲ್ಲಿ ಬೀಳುತ್ತದೆ, ಹಾಗಾಗಿ ಮಳೆಗಾಲದಲ್ಲಿ ಓಣಿಯ ಹೆಂಗಸರೆಲ್ಲ ಅಲ್ಲಿಗೆ ಹಪ್ಪಳ ಒಣಗಿಸಲು ಹೋಗುತ್ತಾರೆ. ಹಿಮದ ಸೀಮೆಯಲ್ಲಿ ಪಹರೆ ಕಾಯುವವನ ಮನೆಯವರು ಹಾಲಿನ ಪಾತ್ರೆಯನ್ನು ಅವನ ಹವೆಯಲ್ಲಿಟ್ಟು, ಕೆಡದಂತೆ ನೋಡಿಕೊಳ್ಳುತ್ತಾರೆ. ಬೀದಿಯಲ್ಲಿ ಎದುರಾದವರು ಊಟ ಆಯಿತೇ ಎಂದು ಕೇಳಿದ ಮೇಲೆ ಕೇಳುವ ಮಾತೇ ಅದು, "ನಿಮ್ಮವರ ಹವೆ ಹೆಂಗೈತ್ರಿ?"

ಆದರೆ ಹವೆ ಬೀಳುವ ಜಾಗ ಹುಡುಕುವುದು ಸುಲಭವಲ್ಲ. ಹೋದವರ ಮನಸ್ಸು ಎಲ್ಲಿ ಉಳಿದಿರುತ್ತದೋ ಅಲ್ಲೇ ಹವೆ ಬೀಳುತ್ತದೆ ಎಂದು ಹಿರಿಯರು ಹೇಳುತ್ತಾರೆ. ಹೆಚ್ಚಿನವರದು ಹಾಸಿಗೆಯ ಮಗ್ಗುಲಲ್ಲೋ ಅಡುಗೆಮನೆಯ ಹೊಸ್ತಿಲಲ್ಲೋ ಬೀಳುತ್ತದೆ. ಸೋಮನಿಂಗಪ್ಪನದು ಮಾತ್ರ ಎಮ್ಮೆಯ ಕೊಟ್ಟಿಗೆಯಲ್ಲಿ ಬಿತ್ತು. ಅವನ ಹೆಂಡತಿ ಅಂದೇ ಗಂಟು ಕಟ್ಟಿಕೊಂಡು ತವರು ಓಣಿಗೆ ನಡೆದಳು. ಎಮ್ಮೆ ಮಾತ್ರ ಮಲೆಸೀಮೆಯ ತಂಪಿನಲ್ಲಿ ಮೆಲುಕು ಹಾಕುತ್ತ ಸುಖವಾಗಿತ್ತು.

ನಾನು ಮನೆಮನೆಗೆ ಹೋಗಿ, ಮುಂಗೈಗೆ ನೀರು ಹಚ್ಚಿಕೊಂಡು, ಗೋಡೆಯಿಂದ ಗೋಡೆಗೆ ನಿಧಾನವಾಗಿ ನಡೆದು ಜಾಗ ಪತ್ತೆ ಮಾಡುತ್ತಿದ್ದೆ. ಸಿಕ್ಕ ಮೇಲೆ ಎದೆಯೆತ್ತರದ ಕಾಲಿನ ಮೇಲೆ ಬಿಳಿ ಬಣ್ಣದ ಪೆಟ್ಟಿಗೆ ನಿಲ್ಲಿಸಬೇಕು. ಅದರ ನಾಲ್ಕೂ ಪಕ್ಕಕ್ಕೆ ಗಾಳಿಯಾಡುವ ಪಟ್ಟಿಗಳಿರಬೇಕು, ಬಾಗಿಲು ಬಡಗಣಕ್ಕಿರಬೇಕು, ಬಿಸಿಲು ನೇರವಾಗಿ ಒಳಗಿನ ಉಷ್ಣಮಾಪಕಕ್ಕೆ ತಾಗಬಾರದು. ಕೆಳಗೆ ಮಣ್ಣಿದ್ದರೆ ಒಳ್ಳೆಯದು, ಹಾಸುಗಲ್ಲು ಕಾವು ಹಿಡಿದು ಸುಳ್ಳು ಹೇಳುತ್ತದೆ. ಮಳೆ ಅಳೆಯುವ ಡಬ್ಬಿಯ ಬಾಯಿ ಒಂದಿಷ್ಟೂ ವಾಲಬಾರದು. ಗಾಳಿಯ ಬಟ್ಟಲುಗಳು ಯಾವುದಕ್ಕೂ ಮರೆಯಾಗದಂತೆ ತಿರುಗಬೇಕು. ಇಷ್ಟಾದ ಮೇಲೆ ಹೊರಗೆ, ಊರಿನ ಸ್ವಂತ ಹವೆಗೆ, ಅಂಥದೇ ಇನ್ನೊಂದು ಪೆಟ್ಟಿಗೆ. ಎರಡರ ನಡುವಿನ ಅಂತರವನ್ನೇ ಮನೆಯವರು ಓದುವುದು. ಅಂತರ ಇರುವವರೆಗೆ ಹೋದವರು ಎಲ್ಲೋ ಇದ್ದಾರೆ ಎಂದು ಅರ್ಥ.

ನಮ್ಮ ಮನೆಯಲ್ಲಿ ಪೆಟ್ಟಿಗೆ ಇರಲಿಲ್ಲ.

ನಾನು ಹುಟ್ಟಿದ ವರ್ಷವೇ ಬಾವಿ ಕುಸಿದು ಅಪ್ಪ ಸತ್ತಿದ್ದ. ಅವ್ವ ಇಂದ್ರವ್ವ ಅತ್ತೆಯ ಕೈಕೆಳಗೆ ಉಳಿದಳು. ನನಗೆ ನಾಲ್ಕು ತುಂಬುವ ಹೊತ್ತಿಗೆ ಊರಿಗೆ ಬೋರ್‌ವೆಲ್ ಲಾರಿ ಬಂದು, ನೀರು ಕೊರೆದು ಹೋಯಿತು. ಅದು ಹೋದ ದಿನ ಅವ್ವನೂ ಮನೆಯಲ್ಲಿರಲಿಲ್ಲ. ಊರಿಗೆ ಆಡಿಕೊಳ್ಳಲು ಅಷ್ಟು ಸಾಕಾಯಿತು. ನನ್ನ ಆಯಿ, ಅಂದರೆ ಅಪ್ಪನ ತಾಯಿ ಬಸಲಿಂಗವ್ವ, ಯಾರ ಬಾಯಿಗೂ ಉತ್ತರ ಕೊಡದೆ ಮನೆಯ ಮೂಲೆಮೂಲೆಯಲ್ಲಿ ಹಸಿ ಕೈ ಹಿಡಿದು ಸೊಸೆಯ ಹವೆ ಹುಡುಕಿದಳು. ದೇವರ ಜಗಲಿ, ಮಾಳಿಗೆ, ದನದ ಮನೆ, ನನ್ನ ತೊಟ್ಟಿಲು ಕಟ್ಟುತ್ತಿದ್ದ ತೊಲೆಯ ಕೆಳಗೆ, ಎಲ್ಲಿಯೂ ಸಿಗಲಿಲ್ಲ. ಮುಂದಿನ ಸುಗ್ಗಿಗೆ ಊರಿಗೆ ಊಟ ಹಾಕಿ, ಇಂದ್ರವ್ವ ಸತ್ತಳು ಎಂದು ಹೇಳಿ ಮುಗಿಸಿದಳು. ಸತ್ತವರಿಗೆ ಹವೆ ಇರುವುದಿಲ್ಲ. ನನ್ನ ಕೈಯಿಂದ ಮಾತ್ರ ಒಂದು ಆಣೆ ಮಾಡಿಸಿಕೊಂಡಿದ್ದಳು, ಊರ ಗಡಿ ದಾಟುವುದಿಲ್ಲ ಎಂದು. ನಾನು ದಾಟಿರಲೂ ಇಲ್ಲ.

ಆದರೂ ಪರರ ಮನೆಯಲ್ಲಿ ಪೆಟ್ಟಿಗೆ ನಿಲ್ಲಿಸಿ ಬಂದ ಸಂಜೆಗಳಲ್ಲಿ, ಒದ್ದೆ ಮುಂಗೈ ಚಾಚಿಕೊಂಡು ನಮ್ಮ ಮನೆಯೊಳಗೆ ನಾನೂ ತಿರುಗುತ್ತಿದ್ದೆ. ಆಯಿ ನೋಡಿಯೂ ನೋಡದವಳಂತೆ ಇರುತ್ತಿದ್ದಳು.

ಹಿಂದಿನ ಓಣಿಯ ಹುಸೇನಬಿ ಖಾಲಾ ಪೆಟ್ಟಿಗೆ ಬೇಕೆಂದು ಅಂಗಡಿಗೆ ಹೇಳಿ ಕಳಿಸಿದಾಗ ಚಳಿಗಾಲ ಮುಗಿಯುತ್ತ ಬಂದಿತ್ತು. ಆಕೆ ರವಿಕೆ ಹೊಲಿಯುವವಳು, ಅವ್ವನ ಗೆಳತಿ. ಅವ್ವ ಹೋದ ಮೇಲೆ, ಸೊಸೆಯ ತಲೆ ಕೆಡಿಸಿದವಳು ಅವಳೇ ಎಂದು ಆಯಿ ನನ್ನನ್ನು ಆ ಮನೆಯ ಹೊಸ್ತಿಲು ತುಳಿಯಗೊಡಲಿಲ್ಲ. ಖಾಲಾ ಕೂಡ ಬೀದಿಯಲ್ಲಿ ಸಿಕ್ಕರೆ ನನ್ನ ತಲೆ ಸವರಿ, ಏನೂ ಮಾತಾಡದೆ ಮುಂದೆ ಹೋಗುತ್ತಿದ್ದಳು. ಈಗ ಸಕ್ಕರೆ ಕಾಯಿಲೆಯಿಂದ ಅವಳ ಬೆರಳು, ಪಾದಗಳೆಲ್ಲ ಜೋಮು ಹಿಡಿದಿದ್ದವು. ಸೂಜಿ ಚುಚ್ಚಿದರೂ ತಿಳಿಯುತ್ತಿರಲಿಲ್ಲ.

"ನಮ್ಮಣ್ಣನ ಮಗ ದಾವೂದಂದು," ಎಂದಳು, ಹಿತ್ತಲ ಬಾಗಿಲ ಅಗಳಿ ತೆಗೆಯುತ್ತ. "ಇಷ್ಟ ದಿನ ಕೈ ಇಟ್ಟು ನೋಡ್ತಿದ್ನಿ. ಈಗ ಬಿಸಿನೂ ತಿಳಿಯವಲ್ದು, ತಂಪೂ ತಿಳಿಯವಲ್ದು."

ಹಿತ್ತಲಲ್ಲಿ ಒಂದು ಬೇವಿನ ಮರವಿತ್ತು. ಅದರ ಬುಡದ ಹತ್ತಿರ ನಾಲ್ಕು ಗೂಟ ನೆಟ್ಟು, ಹಳೆಯ ಸೀರೆಯ ಪರದೆ ಕಟ್ಟಿದ್ದಳು. ಪರದೆ ಸರಿಸಿ ಕೈ ಚಾಚಿದೆ. ಮುಂಗೈ ಜುಮ್ಮೆಂದಿತು. ಚಳಿ. ಮೇಲೆ ಸಣ್ಣಗೆ ಹನಿ. ನೆಲ ಎಷ್ಟೋ ದಿನದಿಂದ ಒಣಗಿಲ್ಲದ ಹಾಗೆ ಪಾಚಿಗಟ್ಟಿತ್ತು.

"ಖಾಲಾ, ದಾವೂದಣ್ಣ ಇರೂದು ಉಸುಕಿನ ದೇಶದಾಗ ಅಲ್ಲೇನು?"

"ಹೂಂ."

"ಇಲ್ಲಿ ಜಿಟಿಜಿಟಿ ಮಳಿ ಹಿಡದೈತಲ್ಲ."

ನಾನು ಪೆಟ್ಟಿಗೆಯ ಕಾಲು ಊರಲು ಗುಂಡಿ ತೋಡತೊಡಗಿದೆ. ಎರಡು ಸಲ ಹಾರೆ ಹಾಕಿದ್ದೆನೋ ಇಲ್ಲವೋ, ಖಾಲಾ ಬಾವಿಕಟ್ಟೆಯ ಮೇಲೆ ಕುಸಿದು ಕುಳಿತಳು.

"ಕಲಾ, ಹಾರಿ ಕೆಳಗಿಡು. ಇದು ದಾವೂದಂದಲ್ಲವಾ. ನಿಮ್ಮವ್ವಂದು."

ನಾನು ಹಾರೆ ಕೆಳಗಿಡಲಿಲ್ಲ. ಗುಂಡಿ ಪೂರ್ತಿ ತೋಡಿದೆ, ಕಾಲು ಊರಿದೆ, ಸುತ್ತ ಕಲ್ಲು ಬಡಿದು ಬಿಗಿ ಮಾಡಿದೆ. ಕೈಗಳು ತಮಗೆ ಬರುವ ಕೆಲಸ ಮಾಡುತ್ತಲೇ ಇದ್ದವು. ಬೆನ್ನ ಮೇಲೆ ಹನಿ ಬೀಳುತ್ತಿತ್ತು. ಅದು ಅವ್ವನ ಮೇಲೂ ಬೀಳುತ್ತಿರುವ ಹನಿ ಎಂದು ಹೊಳೆದಾಗ ಮಾತ್ರ ಅಲ್ಲೇ ಕೆಸರಿನಲ್ಲಿ ಕುಳಿತೆ.

"ಯಾವಾಗಿಂದ?"

"ಆಕಿ ಹ್ವಾದ ದಿನದಿಂದ."

"ಆಕಿ ಸತ್ತಾಳಂತ ಊರಿಗೆಲ್ಲಾ ಊಟಾ ಹಾಕಿದ್ರು. ನೀನೂ ಬಂದು ಉಂಡ್ಯಲ್ಲ ಖಾಲಾ!"

"ಉಂಡ್ನಿ. ತುತ್ತು ಗಂಟಲದಾಗ ಇಳೀಲಿಲ್ಲ, ಆದ್ರೂ ಉಂಡ್ನಿ."

"ನನಗರೆ ಯಾಕ ಹೇಳಲಿಲ್ಲ?"

"ಏನಂತ ಹೇಳ್ಲಿ?" ಖಾಲಾಳ ದನಿ ಏರಿತು. "ನಿಮ್ಮವ್ವನ ಮನಸ್ಸು ನಿಮ್ಮ ಮನ್ಯಾಗ ಉಳೀಲಿಲ್ಲ, ನಿನ್ನ ಹಾಸಿಗಿ ಬಾಜೂ ಉಳೀಲಿಲ್ಲ, ನನ್ನ ಹಿತ್ತಲದಾಗ ಉಳೀತು ಅಂತ ಹೇಳ್ಲಾ? ಅಷ್ಟ ಸಣ್ಣ ಕೂಸಿಗೆ? ತಾಯಿ ಸತ್ತಾಳಂದ್ರ ಕೂಸು ಅತ್ತು ಸುಮ್ಮನಾಗ್ತೈತಿ. ತಾಯಿಗೆ ನಾ ಬ್ಯಾಡಾಗಿದ್ನಿ ಅಂತ ತಿಳಿದ್ರ ಯಾವಾಗ ಸುಮ್ಮನಾಗಬೇಕು?"

ಎಷ್ಟೋ ವರ್ಷ ಸತ್ತಿದ್ದ ಅವ್ವ ಒಂದು ಗಳಿಗೆಯಲ್ಲಿ ಬದುಕಿದಳು, ಅದೇ ಗಳಿಗೆಯಲ್ಲಿ ನನ್ನವಳಲ್ಲ ಎಂದೂ ಆಯಿತು. ಸಂತೋಷವನ್ನೂ ಸಂಕಟವನ್ನೂ ಬೇರೆ ಮಾಡಿ ನೋಡಲು ನನ್ನಿಂದಾಗಲಿಲ್ಲ. ಬೇವಿನ ಕೆಳಗಿನ ಟೊಂಗೆಯಿಂದ ದಪ್ಪ ಹನಿಗಳು ಡಬ್ಬಿಯೊಳಗೆ ಬೀಳುವಂತಿದ್ದವು. ಹಾಗೆ ಬಿದ್ದರೆ ಮಳೆಯ ಲೆಕ್ಕ ತಪ್ಪುತ್ತದೆ.

"ಈ ಟೊಂಗಿ ಕಡೀಬೇಕು," ಎಂದೆ.

"ಕಡಿ. ನಿನಗ ಹೆಂಗ ಛಲೋ ಕಾಣ್ಸತೈತೋ ಹಂಗ ಮಾಡು."

ಅಂದಿನಿಂದ ದಿನಾ ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು, ಸಂಜೆ ಅಂಗಡಿಯಿಂದ ಬರುವಾಗ, ನಾನು ಆ ಹಿತ್ತಲಿಗೆ ಹೋದೆ. ಪೆಟ್ಟಿಗೆಯ ಪಟ್ಟಿ ಒರೆಸುವುದು, ಡಬ್ಬಿಯೊಳಗಿನ ಬೇವಿನೆಲೆ ತೆಗೆಯುವುದು ನೆಪ. ಖಾಲಾಗೆ ಉಷ್ಣಮಾಪಕದ ಮುಳ್ಳು ಎಲ್ಲಿದೆಯೆಂದು ಓದಿ ಹೇಳುತ್ತಿದ್ದೆ. ಅವಳ ಕಣ್ಣು ಚೆನ್ನಾಗಿಯೇ ಇದ್ದವು, ಆದರೂ ನನ್ನ ಬಾಯಿಂದಲೇ ಕೇಳಲು ಬಯಸುತ್ತಿದ್ದಳು. ಅವ್ವ ಒಂದೇ ಕಡೆ ನಿಲ್ಲುವವಳಲ್ಲ ಎಂದು ಬೇಗ ತಿಳಿಯಿತು. ಒಂದು ವಾರ ನಡುಕ ಹುಟ್ಟಿಸುವ ಚಳಿ. ಆಮೇಲೆ ಮೈಗೆ ಅಂಟುವ ತೇವದ ಗಾಳಿ, ಸಮುದ್ರದ ಕಡೆಯದಿರಬೇಕು. ಆಮೇಲೆ ಎಂಥದೋ ಬಿರುಗಾಳಿ ಬಂದು ಖಾಲಾಳ ಪರದೆಯನ್ನು ಹರಿದು ಬಾವಿಗೆ ಹಾಕಿತು.

ನಾನು ಪೆಟ್ಟಿಗೆಯ ಪಕ್ಕದಲ್ಲಿ, ಆ ಚಾಪೆಯಷ್ಟು ಜಾಗದಲ್ಲಿ ನಿಂತುಕೊಳ್ಳುತ್ತಿದ್ದೆ. ಅವ್ವನ ಮುಖ ನನಗೆ ನೆನಪಿರಲಿಲ್ಲ. ಆದರೆ ಅವಳ ತುಟಿ ಒಡೆಯುವಂಥ ಒಣಗಾಳಿಗೆ ನನ್ನ ತುಟಿಯೂ ಒಡೆಯಿತು. ಅವಳು ಸೆರಗು ಹೊದ್ದಿರಬಹುದಾದ ಹೊತ್ತಿಗೆ ನಾನೂ ಸೆರಗು ಹೊದ್ದೆ. ಒಮ್ಮೆ ಉರಿಧಗೆಯಲ್ಲಿ ತುಂಬ ಹೊತ್ತು ನಿಂತು ತಲೆ ತಿರುಗಿ ಬಿದ್ದೆ. ಖಾಲಾ ಮುಖಕ್ಕೆ ನೀರು ಎರಚಿ, "ಆಕಿ ಗಿಡದ ನೆರಳಿಗರೆ ಹೋಗಿರ್ತಾಳು, ಹುಚ್ಚಿ! ನೀ ಯಾಕ ಧಗ್ಯಾಗ ನಿಂತೀ?" ಎಂದು ಬೈದಳು. ಇಬ್ಬರೂ ನಕ್ಕೆವು. ಅವ್ವನ ವಿಷಯಕ್ಕೆ ನಾನು ನಕ್ಕದ್ದು ಅದೇ ಮೊದಲು.

ಆಯಿಗೆ ಹೇಳದೆ ಇರಲಾಗಲಿಲ್ಲ. ಒಂದು ಸಂಜೆ ಉಣ್ಣಲು ಕುಳಿತಾಗ ಹೇಳಿಬಿಟ್ಟೆ. ಹುಸೇನಬಿಯ ಹೆಸರು ಬಂದ ಕೂಡಲೇ ತಾಟು ದೂಡುತ್ತಾಳೆ ಎಂದುಕೊಂಡಿದ್ದೆ. ಆಯಿ ರೊಟ್ಟಿ ಮುರಿದವಳು ಹಾಗೇ ಕೈಯಲ್ಲಿ ಹಿಡಿದುಕೊಂಡು ಗೋಡೆ ನೋಡುತ್ತ ಕುಳಿತಳು.

"ನಾ ಎಲ್ಲಾ ಕಡೆ ಹುಡುಕಿದ್ನಿ," ಎಂದಳು ಕಡೆಗೆ. "ದನದ ಮನ್ಯಾಗೂ ಹುಡುಕಿದ್ನಿ."

"ಗೊತ್ತೈತಿ ಆಯಿ."

"ಸಿಗಲಿಲ್ಲಂತ ಸಿಟ್ಟು ಬಂದು ಸತ್ತಾಳಂದ್ನಿ." ತಟ್ಟೆಯ ಕಡೆ ನೋಡುತ್ತಲೇ ಕೇಳಿದಳು, "ಅಲ್ಲಿ ಥಂಡಿ ಭಾಳ ಐತೇನು?"

"ಈಗಿಲ್ಲ. ಹ್ವಾದ ತಿಂಗಳ ಇತ್ತು."

ಅಂದಿನಿಂದ ಆಯಿ, ನಾನು ಸಂಜೆ ತಡವಾಗಿ ಬಂದರೂ ಎಲ್ಲಿಗೆ ಹೋಗಿದ್ದೆ ಎಂದು ಕೇಳುವುದನ್ನು ಬಿಟ್ಟಳು.

ಬೇಸಗೆ ಕಳೆದು ಮೊದಲ ಮೋಡ ಕಟ್ಟುವ ಹೊತ್ತಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಬೇವಿನ ಬುಡದ ಪೆಟ್ಟಿಗೆಗೂ ಹೊರಗಿನ ಪೆಟ್ಟಿಗೆಗೂ ನಡುವಿನ ಅಂತರ ಕಡಿಮೆಯಾಗುತ್ತಿತ್ತು. ಮೊದಲು ನನ್ನ ಪೆಟ್ಟಿಗೆಯೇ ಕೆಟ್ಟಿದೆ ಎಂದುಕೊಂಡೆ. ಎರಡರ ಉಷ್ಣಮಾಪಕಗಳನ್ನು ಅದಲು ಬದಲು ಮಾಡಿ ನೋಡಿದೆ. ಅಂತರ ಹಾಗೆಯೇ ಇತ್ತು, ಮರುವಾರ ಇನ್ನೂ ಇಳಿಯಿತು. ಎರಡೂ ಸಮವಾಗುವುದೆಂದರೆ ಏನೆಂದು ಈ ಕಸುಬಿನವರಿಗೆ ಗೊತ್ತು. ನಾನು ಎಷ್ಟು ಮನೆಗಳಿಂದ ಸಮವಾದ ಪೆಟ್ಟಿಗೆಗಳನ್ನು ಕಿತ್ತು ತಂದಿದ್ದೇನೆ! ಆಗ ಮನೆಯವರು ಬಾಗಿಲಲ್ಲಿ ನಿಂತು ನೋಡುವ ನೋಟವನ್ನೂ ಬಲ್ಲೆ.

ಅಂಗಡಿಯಲ್ಲಿ ಯಾರದೆಂದು ಹೇಳದೆ ಚನ್ನವೀರಣ್ಣನನ್ನು ಕೇಳಿದೆ. ಅವರು ಪೆಟ್ಟಿಗೆಗೆ ಸುಣ್ಣದ ಬಣ್ಣ ಹೊಡೆಯುತ್ತಿದ್ದರು.

"ಹೆಂಗ ಸಮ ಆಗಾಕತ್ತೈತಿ? ಒಮ್ಮಿಗೇ ಏನು, ಸಾವಕಾಶ ಏನು?"

"ಸಾವಕಾಶ್ರೀ ಅಣ್ಣಾರ."

"ಹಂಗಿದ್ರ ಅಂಜಬ್ಯಾಡ. ಜೀವ ಹೋಗೂದು ಒಮ್ಮಿಗೇ. ಸಾವಕಾಶ ಅಂದ್ರ ಬರಾಕತ್ತಾರ." ಕುಂಚ ಅದ್ದಿ ನನ್ನ ಮುಖ ನೋಡಿದರು. "ಯಾರದವಾ?"

"ನಮ್ಮವ್ವಂದ್ರೀ," ಎಂದೆ. ಆ ಮಾತನ್ನು ಊರಿನಲ್ಲಿ ಗಟ್ಟಿಯಾಗಿ ಹೇಳಿದ್ದು ಆಗಲೇ.

ಅವ್ವ ಬರುತ್ತಿದ್ದಳು. ಪಡುವಣದಿಂದ ಬರುವ ಗಾಳಿ ಮೊದಲು ಬೇವಿನ ಬುಡದ ಬಟ್ಟಲುಗಳನ್ನು ತಿರುಗಿಸಿ, ಎಷ್ಟೋ ಹೊತ್ತಾದ ಮೇಲೆ ಊರನ್ನು ಮುಟ್ಟುತ್ತಿತ್ತು. ದಿನ ಹೋದಂತೆ ಆ ಹೊತ್ತು ಚಿಕ್ಕದಾಯಿತು. ಖಾಲಾ ಮನೆ ಸಾರಿಸಿದಳು. ಜೋಮು ಹಿಡಿದ ಬೆರಳುಗಳಲ್ಲೇ ನನ್ನಿಂದ ಸೂಜಿಗೆ ದಾರ ಪೋಣಿಸಿಕೊಂಡು, ಅವ್ವನ ಅಳತೆ ನೆನಪಿನಿಂದಲೇ ತೆಗೆದು ಹಸಿರು ರವಿಕೆಯೊಂದನ್ನು ಹೊಲಿಯಹತ್ತಿದಳು. "ಈಗ ದಪ್ಪ ಆಗಿರ್ಬೇಕು," ಎಂದು ಬಿಚ್ಚಿ ಮತ್ತೆ ಹೊಲಿದಳು. "ಇಲ್ಲ, ಸೊರಗಿರ್ತಾಳು," ಎಂದು ಮತ್ತೆ ಬಿಚ್ಚಿದಳು.

ಆಮೇಲೆ ಹವೆ ನಿಂತುಬಿಟ್ಟಿತು. ಎರಡು ಮುಳ್ಳುಗಳ ನಡುವೆ ಒಂದು ಕೂದಲೆಳೆಯಷ್ಟು ಅಂತರ ಉಳಿಯಿತು. ಬೇವಿನ ಬುಡದಲ್ಲಿ ಸ್ವಲ್ಪ ತಂಪು, ಸ್ವಲ್ಪ ಜೋರು ಗಾಳಿ. ನಾಳೆ ಸಮವಾಗುತ್ತದೆ ಎಂದುಕೊಂಡೆವು. ನಾಳೆ ಬಂದು ಹೋಯಿತು. ಹಬ್ಬವೊಂದು ಬಂದು ಹೋಯಿತು. ಅಂತರ ಹಾಗೆಯೇ ಇತ್ತು. ನಾನು ಬಸ್ಸು ಬರುವ ಹೊತ್ತಿಗೆಲ್ಲ ನಿಲ್ದಾಣದ ಹತ್ತಿರ ಏನಾದರೂ ಕೆಲಸ ಹುಡುಕಿಕೊಂಡು ನಿಲ್ಲುತ್ತಿದ್ದೆ. ಇಳಿದ ಹೆಂಗಸರ ಮುಖಗಳನ್ನೆಲ್ಲ ನೋಡುತ್ತಿದ್ದೆ. ಯಾವ ಮುಖ ಹುಡುಕಬೇಕೆಂದೇ ನನಗೆ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ನಾನು, ಖಾಲಾ ಹಿತ್ತಲಲ್ಲಿದ್ದಾಗ ಬೇವಿನ ಬುಡದಲ್ಲಿ ದಬದಬ ಮಳೆ ಸುರಿದು, ಥಟ್ಟನೆ ನಿಂತಿತು. ಊರಿನಲ್ಲಿ ಹನಿಯೂ ಇರಲಿಲ್ಲ. ಡಬ್ಬಿಯ ನೀರು ಅಳೆದು, ಪೆಟ್ಟಿಗೆಯ ಪಟ್ಟಿಗಳನ್ನೆಲ್ಲ ಒರೆಸಿ ಮುಗಿಸುವಷ್ಟರಲ್ಲಿ ಮುಂಬಾಗಿಲಲ್ಲಿ ಸಂಕವ್ವನ ದನಿ ಕೇಳಿತು. ರವಿಕೆ ಒಯ್ಯಲು ಬಂದಿದ್ದಳು. ಸೀರೆಯಿಂದ ನೀರು ಇಳಿಯುತ್ತಿತ್ತು.

"ಎಲ್ಲಿ ತೊಯ್ಸಿಕೊಂಡಿ?" ಎಂದಳು ಖಾಲಾ.

"ಬಸ್ಸಿನ್ಯಾಗ ಬಂದ್ನಿ ನೋಡು. ಗುಡ್ಡದ ಕಣಿವ್ಯಾಗ ಖಾನಾವಳಿ ಮುಂದ ಇಳದು ನೀರು ಕುಡ್ಯಾಕ ಹ್ವಾದ್ರ ಹಿಂಗ ಹೊಡೀತು. ಇಲ್ಲಿ ನೋಡಿದ್ರ ಧೂಳ ಏಳಾಕತ್ತೈತಿ!"

ನಾನೂ ಖಾಲಾಳೂ ಮುಖ ಮುಖ ನೋಡಿಕೊಂಡೆವು. ಸಂಕವ್ವ ಹೋದ ಮೇಲೆ ಖಾಲಾ ಮಷೀನಿನ ಮೇಲೆ ಕೈಯೂರಿ ಕುಳಿತಳು.

"ಬರೂದಿದ್ರ ಇಷ್ಟೊತ್ತಿಗೆ ಬರ್ತಿದ್ಲು. ಅಂಜ್ಯಾಳ ಆಕಿ. ನೀ ಹೋಗು."

"ನೀನೂ ಬಾ ಖಾಲಾ."

"ನಾ ಬಂದ್ರ ಇಲ್ಲಿ ನೋಡವ್ರು ಯಾರು? ಮ್ಯಾಲಾಗಿ ಆಕಿ ನನ್ನ ಮಾರಿ ನೋಡಿ ಅತ್ತು ಹಗುರಾಗಿಬಿಡ್ತಾಳು. ಮೊದಲ ನಿನ್ನ ಮಾರಿ ನೋಡ್ಲಿ. ಹೋಗು."

ಅಂಗಡಿಯ ಸ್ಕೂಟರ್ ತೆಗೆದುಕೊಂಡು ಹೊರಟೆ. ಊರಗಡಿಯ ಕಲ್ಲು ಬಂದಾಗ ಆಯಿಗೆ ಮಾಡಿದ ಆಣೆ ನೆನಪಾಗಿ ಸ್ಕೂಟರ್ ನಿಲ್ಲಿಸಿದೆ. ಆಮೇಲೆ ಅದನ್ನು ದಾಟಿದೆ. ದಾಟಿದರೆ ಏನೋ ಆಗುತ್ತದೆಂದು ಚಿಕ್ಕಂದಿನಿಂದ ಅಂದುಕೊಂಡಿದ್ದೆ. ಏನೂ ಆಗಲಿಲ್ಲ. ರಸ್ತೆ ಹಾಗೆಯೇ ಮುಂದೆ ಹೋಗುತ್ತಿತ್ತು, ಗುಡ್ಡ ಏರುತ್ತಿದ್ದಂತೆ ಗಾಳಿ ತುಸು ತಂಪಾಯಿತು. ಆ ತಂಪು ನನಗೆ ಗುರುತಿತ್ತು. ಎಷ್ಟೋ ದಿನದಿಂದ ನಾನು ಬೇವಿನ ಬುಡದಲ್ಲಿ ನಿಂತು ಇದೇ ಗಾಳಿಗೆ ಮುಖ ಕೊಟ್ಟಿದ್ದೆ.

ಖಾನಾವಳಿಯ ಹಿಂದೆ ತಗಡಿನ ಸೂರು ಚಾಚಿ ಹಾಕಿದ್ದರು. ಅದರ ಕೆಳಗೆ ಹೆಂಗಸೊಬ್ಬಳು ರೊಟ್ಟಿ ಬಡಿಯುತ್ತಿದ್ದಳು. ದಪ್ಪವೂ ಇಲ್ಲ, ಸೊರಗಿಯೂ ಇಲ್ಲ. ಬೆಂಕಿಯ ಮುಂದೆ ಕೂತು ಕೂತು ಕಪ್ಪಾದ ಮುಖ, ಹಣೆಯ ಮೇಲೆ ಹಿಟ್ಟು. ನನ್ನ ನೆರಳು ಬಿದ್ದಾಗ ತಲೆಯೆತ್ತಿದಳು. ರೊಟ್ಟಿ ಬಡಿಯುವ ಕೈ ನಿಂತಿತು. ಹೆಂಚಿನ ಮೇಲಿದ್ದ ರೊಟ್ಟಿ ಸುಟ್ಟು ಹೊಗೆಯೆದ್ದರೂ ಅದನ್ನು ತಿರುವಿ ಹಾಕಲಿಲ್ಲ.

"ಕಲಾ," ಎಂದಳು. ಕೇಳಲಿಲ್ಲ, ಹೇಳಿದಳು.

"ನನ್ನ ಗುರುತು ಹೆಂಗ ಹಿಡದಿ?"

"ನಿಮ್ಮಪ್ಪನ ಮಾರಿ ಹೊತ್ತುಕೊಂಡು ಬಂದೀಯಲ್ಲ."

ಹೊರಡುವಾಗ ಕೇಳಬೇಕೆಂದಿದ್ದ ಮಾತು ಒಂದೂ ನೆನಪಾಗಲಿಲ್ಲ. ಸುಟ್ಟ ರೊಟ್ಟಿಯನ್ನು ಹೆಂಚಿನಿಂದ ತೆಗೆದು ಪಕ್ಕಕ್ಕಿಟ್ಟೆ. ಅವ್ವ ತಾನಾಗಿಯೇ ಹೇಳತೊಡಗಿದಳು, ಕೈ ಹಿಟ್ಟಿನಲ್ಲೇ ಇಟ್ಟುಕೊಂಡು. ಬೋರ್‌ವೆಲ್ ಲಾರಿಯವರಿಗೆ ಅಡುಗೆಯವಳು ಬೇಕಿತ್ತು. ಲಾರಿಯ ಮೇಲೆ ಕೂಸು ಬೇಡ ಎಂದಿದ್ದರು. ಒಂದು ವರ್ಷ ದುಡಿದು, ಬಂದು ನನ್ನನ್ನು ಕರೆದೊಯ್ದು ಬೇರೆ ಒಲೆ ಹೂಡಬೇಕೆಂದಿದ್ದಳು. ವರ್ಷ ತುಂಬಿದ ಮೇಲೆ ಇದೇ ಕಣಿವೆಯವರೆಗೆ ಬಂದಿದ್ದಳು.

"ಇಲ್ಲಿ ಚಹಾ ಕುಡಿಯೂ ಮಂದಿ ಮಾತಾಡಿಕೊಂತ ಕುಂತಿದ್ರು. ಬಸಲಿಂಗವ್ವನ ಸೊಸಿಗೆ ಹವೆನೇ ಬೀಳಲಿಲ್ಲಂತ, ಆಕಿ ತಿಥಿ ಮಾಡಿ ಊಟಾ ಹಾಕಿದ್ರಂತ ಅಂತ. ಒಬ್ಬಾಂವ ಅಂದ, ಸತ್ತಿಲ್ಲಪಾ ಆಕಿ, ಕೂಸಿನ ಮ್ಯಾಗ ಮಾಯೆನ ಇರಲಿಲ್ಲ, ಅದಕ್ಕ ಬೀಳಲಿಲ್ಲ ಅಂದ." ಅವ್ವ ಹಿಟ್ಟು ಅಂಟಿದ ಬೆರಳು ನೋಡಿಕೊಂಡಳು. "ಖರೇ ಇರಬೇಕು ಅನ್ನಿಸ್ತವಾ ನನಗ. ಮಾಯೆ ಇದ್ದಾಕಿ ಬಿಟ್ಟು ಹೊಕ್ಕಾಳೇನು? ಎಲ್ಲಿ ಮಾರಿ ಇಟ್ಟುಕೊಂಡು ಬರ್ಲಿ? ಹೊಳ್ಳಿ ಹ್ವಾದ್ನಿ. ಈಗ ಮೊಣಕಾಲು ಹಿಡದಾವು, ಲಾರಿ ಹತ್ತಾಕ ಆಗವಲ್ದು. ಇಲ್ಲಿತನಕ ಬಂದ್ನಿ. ಮುಂದ ಕಾಲು ಏಳವಲ್ವು."

"ನಿನ್ನ ಹವೆ ಬಿದ್ದಿತ್ತವ್ವ," ಎಂದೆ. "ನೀ ಹ್ವಾದ ದಿನದಿಂದ ಬಿದ್ದೈತಿ. ಇವತ್ತೂ ಬಿತ್ತು. ಅದನ್ನ ನೋಡೇ ಇಲ್ಲಿಗೆ ಬಂದ್ನಿ."

ಅವ್ವ ನನ್ನನ್ನೇ ನೋಡಿದಳು. "ಎಲ್ಲಿ?"

ಸುಳ್ಳು ಹೇಳಬಹುದಿತ್ತು. ನನ್ನ ಹಾಸಿಗೆಯ ಬಳಿ ಎನ್ನಬಹುದಿತ್ತು. ಬಾಯಿವರೆಗೂ ಬಂದ ಆ ಮಾತನ್ನು ನುಂಗಿಕೊಂಡೆ.

"ಹುಸೇನಬಿ ಖಾಲಾನ ಹಿತ್ತಲದಾಗ. ಬೇವಿನ ಬುಡಕ್ಕ."

ಅವ್ವನ ಮುಖ ಮೊದಲು ಬರಿದಾಯಿತು. ಆಮೇಲೆ ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ಅಷ್ಟು ಅಳು ಅಷ್ಟು ಸಣ್ಣ ದೇಹದಲ್ಲಿ ಇತ್ತೆಂದು ನನಗೆ ಆಶ್ಚರ್ಯವಾಯಿತು.

"ಅಲ್ಲೇ ಕುಂತಿದ್ನಿ," ಎಂದಳು ಬಿಕ್ಕುತ್ತ. "ಹೋಗೂಕಿಂತ ಮೊದಲ. ಆ ಮನ್ಯಾಗ ಅಳಾಕ ನನಗ ಒಂದ ಮೂಲಿ ಇದ್ದಿದ್ದಿಲ್ಲವಾ. ಹುಸೇನಬಿ ಒಳಗ ಮಷೀನ ತುಳೀತಿದ್ಲು, ಆಕಿಗೂ ಗೊತ್ತಿಲ್ಲ. ತೊಡಿ ಮ್ಯಾಲೆ ನಿನ್ನ ಮಲಗಿಸಿಕೊಂಡು ಬೇವಿನ ಬುಡಕ್ಕ ಕುಂತಿದ್ನಿ. ನೀ ನಿದ್ದಿ ಮಾಡಿದ್ದಿ. ಬೇವಿನ ಹೂ ಬಿದ್ದಿದ್ವು ನಿನ್ನ ಕೂದಲದಾಗ, ಒಂದೊಂದ ತೆಗದ್ನಿ. ಎಬ್ಬಿಸಿದ್ರ ಹೋಗಾಕ ಆಗೂದಿಲ್ಲಂತ ಹಂಗ ಎತ್ತಿಕೊಂಡು ಹೋಗಿ ನಿಮ್ಮಾಯಿ ಬಾಜೂ ಮಲಗಿಸಿ ನಡದ್ನಿ."

ನಾನು ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತೆ. ಆ ಚಾಪೆಯಷ್ಟು ಜಾಗದಲ್ಲಿ ಎಷ್ಟು ದಿನ ನಿಂತಿದ್ದೆ! ಅದು ಮಲಗಿದ ಕೂಸು ಮತ್ತು ಅದರ ತಾಯಿ ಹಿಡಿಸುವಷ್ಟೇ ಜಾಗವೆಂದು ಒಮ್ಮೆಯೂ ಹೊಳೆದಿರಲಿಲ್ಲ. ಅವ್ವನ ಭುಜಕ್ಕೆ ತಲೆ ಆನಿಸಿದೆ. ಹೊಗೆಯ, ಜೋಳದ ಹಿಟ್ಟಿನ, ಬೆವರಿನ ವಾಸನೆ. ಹವೆಯ ಜೊತೆ ಎಂದೂ ಬಾರದೆ ಇದ್ದದ್ದು ಅದು.

ಮತ್ತೆ ಮಳೆ ಬಂತು. ತಗಡಿನ ಸೂರು ಸೋರಿ ಇಬ್ಬರೂ ತೊಯ್ದೆವು, ಏಳಲಿಲ್ಲ. ಅವ್ವ ಕಣ್ಣು ಒರೆಸಿಕೊಂಡು ಮಳೆ ನೋಡುತ್ತಿದ್ದವಳು, ಏನೋ ಹೊಳೆದಂತೆ ನನ್ನ ಕಡೆ ತಿರುಗಿದಳು.

"ಅಲ್ಲವಾ, ನೀನೂ ಊರು ಬಿಟ್ಟು ಬಂದಿ. ನಿನ್ನ ಮಳಿ ಈಗ ಎಲ್ಲಿ ಬೀಳಾಕತ್ತಿರಬೇಕು?"

ಊರಿಗೆಲ್ಲ ಜಾಗ ಹುಡುಕಿ ಕೊಡುವ ನಾನು ಅದನ್ನು ಯೋಚಿಸಿಯೇ ಇರಲಿಲ್ಲ. "ಗೊತ್ತಿಲ್ಲ. ನಾವು ಹೋಗಿ ಮುಟ್ಟೂದ್ರಾಗ ನಿಂತಿರತೈತಿ."

"ನಿಂತ್ರ ನಿಂತೀತು. ನೆಲ ಹಸೇ ಇರತೈತಲ್ಲ." ಅವ್ವ ಮೊಣಕಾಲು ಹಿಡಿದು ಎದ್ದಳು. ಕೈಯ ಹಿಟ್ಟು ಮಳೆಗೊಡ್ಡಿ ತೊಳೆದುಕೊಂಡಳು. "ನಡಿ, ನೋಡೂಣು."

ಊರಗಡಿಯಲ್ಲಿ ಅವಳ ಹಿಡಿತ ನನ್ನ ಸೊಂಟದ ಮೇಲೆ ಬಿಗಿಯಾಯಿತು. ನಾನು ಸ್ಕೂಟರ್ ನಿಧಾನ ಮಾಡಲಿಲ್ಲ. ಊರೆಲ್ಲ ಒಣಗಿತ್ತು, ಬೀದಿಯಲ್ಲಿ ಧೂಳು ಹಾರುತ್ತಿತ್ತು. ನಮ್ಮ ಓಣಿಯ ತಿರುವಿನಲ್ಲಿ ಹುಸೇನಬಿ ಖಾಲಾ ಗೋಡೆ ಹಿಡಿದುಕೊಂಡು ನಿಂತಿದ್ದಳು. ಮುಳ್ಳುಗಳು ಸಮವಾದದ್ದನ್ನು ನೋಡಿ ಬರಿಗಾಲಲ್ಲೇ ಬಂದಿದ್ದಳು. ಅವ್ವ ಇಳಿದು ಹತ್ತಿರ ಹೋದಳು. ಇಬ್ಬರೂ ಒಬ್ಬರ ತೋಳನ್ನೊಬ್ಬರು ಹಿಡಿದುಕೊಂಡು ನಿಂತರು. ಆಮೇಲೆ ಖಾಲಾ ಓಣಿಯೊಳಗೆ ಬೆರಳು ತೋರಿಸಿದಳು.

"ಅಲ್ಲಿ ನೋಡ್ರಿ. ಮುದುಕಿ ಹೆಂಗ ಕುಂತಾಳ."

ನಮ್ಮ ಮನೆಯ ಕಟ್ಟೆಯ ಮೇಲೆ ಆಯಿ ಜೋಳ ಹಸನು ಮಾಡುತ್ತ ಕುಳಿತ ಹಾಗೆಯೇ ಇದ್ದಳು. ಕಟ್ಟೆಯ ಅತ್ತ ಬದಿ ಒಣಗಿತ್ತು, ಇತ್ತ ಬದಿ ಒಣಗಿತ್ತು. ಆಯಿ ಮಾತ್ರ ತಲೆಯಿಂದ ಕಾಲಿನವರೆಗೆ ತೊಯ್ದು, ಬಿಳಿಗೂದಲು ಹಣೆಗಂಟಿ, ಮೊರದ ತುಂಬ ನೀರು ತುಂಬಿಕೊಂಡು ಬೆಪ್ಪಾಗಿ ಕುಳಿತಿದ್ದಳು. ಮಳೆ ಬೀಳುವಾಗ ಎದ್ದು ಒಳಗೆ ಹೋಗಬಹುದಿತ್ತು. ಹೋಗಿರಲಿಲ್ಲ.

"ನಿಂದೇನ ಇದು?" ಎಂದಳು ನನ್ನನ್ನು ಕಂಡು. ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನ ಮ್ಯಾಲೆ ಬಿತ್ತಲ್ಲ, ಕಲಾ. ನನ್ನ ಮ್ಯಾಲೆನ ಬಿತ್ತು."

ಆಮೇಲೆ ನನ್ನ ಬೆನ್ನ ಹಿಂದೆ ನಿಂತವಳನ್ನು ಕಂಡಳು. ಅವ್ವ ಓಣಿಯ ನಡುವೆ ನಿಂತಿದ್ದಳು, ಮುಂದೆಯೂ ಬಾರದೆ ಹಿಂದೆಯೂ ಹೋಗದೆ. ಸೆರಗಿನಿಂದ ನೀರು ತೊಟ್ಟಿಕ್ಕಿ ಧೂಳಿನಲ್ಲಿ ಚುಕ್ಕೆಗಳಾಗುತ್ತಿದ್ದವು. ಆಯಿಯ ಸೆರಗಿನಿಂದಲೂ ಅದೇ ಮಳೆ ತೊಟ್ಟಿಕ್ಕುತ್ತಿತ್ತು. ಆಯಿ ಬಹಳ ಹೊತ್ತು ಆ ಎರಡನ್ನೂ ನೋಡಿದಳು.

"ಅಲ್ಲೇ ಯಾಕ ನಿಂತಿ ಇಂದ್ರವ್ವ?" ಎಂದಳು ಕಡೆಗೆ. "ತೊಯ್ದೀ. ಒಳಗ ಬಾ, ಒಣ ಸೀರಿ ಕೊಡ್ತೇನಿ. ಹುಸೇನಬಿ, ನೀನೂ ಬಾ."

ಅವ್ವ ಕಟ್ಟೆಯ ಹತ್ತಿರ ಬಂದಳು. ಬಗ್ಗಿ, ಅತ್ತೆಯ ತೊಡೆಯ ಮೇಲಿನ ಮೊರವನ್ನು ಎರಡೂ ಕೈಯಿಂದ ಎತ್ತಿಕೊಂಡು, ನೀರನ್ನು ಸಾವಕಾಶವಾಗಿ ಬಸಿದಳು.

"ಮೊದಲ ನೀವು ಏಳ್ರಿ ಅತ್ತೀ," ಎಂದಳು. "ಥಂಡಿ ಹತ್ತೀತು."